ಚೀನೀ ಅಕ್ಷರಗಳ ಮೊದಲ ಪಾಠ: ವರ್ತಕರು ಮತ್ತು ಸಣ್ಣ ಉದ್ಯಮಿಗಳಿಗಾಗಿ

ಚೀನಾದಿಂದ ಭಾರತಕ್ಕೆ ಆಮದಾದ ಸರಕಿನ ಮೌಲ್ಯವು 2023–24ನೇ ಹಣಕಾಸು ವರ್ಷದಲ್ಲಿ 100 ಬಿಲಿಯನ್ ಡಾಲರುಗಳನ್ನು ಮೀರಿತು. ಈ ವ್ಯಾಪಾರವು ಬಂದರು ಪಟ್ಟಣಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಹರಡಿರುವ ಸೌರ ವಿದ್ಯುತ್ ಪಾರ್ಕ್ 2019ರ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿತು. ದೇಶದ ಸೌರ ಸ್ಥಾವರಗಳು ಆ ವರ್ಷಗಳಲ್ಲಿ ಬಳಸಿದ ಫಲಕಗಳಲ್ಲಿ ಬಹುಪಾಲು ಚೀನಾದಿಂದ ಬಂದವು. ದೊಡ್ಡೇರಿ, ಶಿರಾ, ಕೊರಟಗೆರೆಗಳ ಅಂಗಡಿಗಳಲ್ಲಿ ಮಾರಾಟವಾಗುವ ದೀಪ, ಚಾರ್ಜರ್, ಆಟಿಕೆಗಳಲ್ಲಿಯೂ, ಸಣ್ಣ ಕಾರ್ಖಾನೆಗಳ ಯಂತ್ರಗಳಲ್ಲಿಯೂ ಚೀನೀ ಮೂಲದವು ಸಾಕಷ್ಟಿವೆ. ಇನ್ನು ಭಾರತದ ಗ್ರಾನೈಟ್ ದಿಮ್ಮಿಗಳಿಗೂ ತೆಂಗಿನ ನಾರಿಗೂ ಚೀನಾ ದೊಡ್ಡ ಗಿರಾಕಿ.

ಇಷ್ಟಾದರೂ ಪೆಟ್ಟಿಗೆಯ ಮೇಲಿನ ಬರಹ, ಯಂತ್ರದ ಫಲಕ, ದರಪಟ್ಟಿ, ರಸೀದಿ, ಕರಾರು ಪತ್ರಗಳ ಮುಂದೆ ನಮ್ಮ ವರ್ತಕರು ನಿರಕ್ಷರಿಗಳಂತೆ ನಿಲ್ಲಬೇಕಾಗಿದೆ. ಮಧ್ಯವರ್ತಿ ಹೇಳಿದ್ದೇ ಅರ್ಥ, ಅವನು ಬಿಟ್ಟದ್ದು ನಷ್ಟ. ಚೀನೀ ಲಿಪಿಯಲ್ಲಿ ಸಾವಿರಾರು ಅಕ್ಷರಗಳಿವೆ ಎಂಬ ಅಂಜಿಕೆಯೇ ಕಲಿಕೆಗೆ ಮೊದಲ ಅಡ್ಡಿ. ವ್ಯಾಪಾರಕ್ಕೆ ಬೇಕಾದ ಐವತ್ತು ಅರವತ್ತು ಅಕ್ಷರಗಳನ್ನು ಆರಿಸಿಕೊಂಡು ಕ್ರಮವಾಗಿ ಕಲಿತರೆ ಈ ಅಡ್ಡಿಯನ್ನು ದಾಟಬಹುದೆಂಬುದನ್ನು ತೋರಿಸುವುದು ಈ ಪಾಠದ ಉದ್ದೇಶ. ಅಕ್ಷರಗಳ ಆಕಾರವನ್ನು ಇಲ್ಲಿ ಮಾತಿನಲ್ಲಿ ವಿವರಿಸಲಾಗಿದೆ. ಓದುಗರು ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತ ಓದುವುದು ಉತ್ತಮ.

ಎಷ್ಟು ಅಕ್ಷರಗಳು ಬೇಕು?

ಚೀನಾ ಸರ್ಕಾರವು 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8,105 ಅಕ್ಷರಗಳಿವೆ. ಅವುಗಳಲ್ಲಿ ನಿತ್ಯ ಬಳಕೆಯವೆಂದು ಮೊದಲ ದರ್ಜೆಗೆ ಸೇರಿಸಿದವು 3,500. ಅತಿ ಹೆಚ್ಚು ಬಳಕೆಯ 1,000 ಅಕ್ಷರಗಳನ್ನು ಬಲ್ಲವನು ಸಾಮಾನ್ಯ ಬರಹದ ಅಕ್ಷರಗಳಲ್ಲಿ ಶೇಕಡ 90ರಷ್ಟನ್ನು ಗುರುತಿಸಬಲ್ಲನೆಂದು ಎಣಿಕೆಗಳು ತಿಳಿಸುತ್ತವೆ.

ಆದರೆ ಇಂಥ ಪಟ್ಟಿಗಳು ಪತ್ರಿಕೆ, ಪುಸ್ತಕಗಳನ್ನು ಆಧರಿಸಿದವು. ಅವುಗಳಲ್ಲಿ ಮೊದಲನೆಯ ಸ್ಥಾನದಲ್ಲಿರುವ ‘ತ’ ಎಂಬ ಅಕ್ಷರವು ಕನ್ನಡದ ಷಷ್ಠೀ ವಿಭಕ್ತಿಯ ‘ಅ’ ಪ್ರತ್ಯಯದಂಥದು. ವಾಕ್ಯಕ್ಕೆ ಅದು ಬೇಕು, ಸರಕಿನ ಪೆಟ್ಟಿಗೆಗೆ ಬೇಡ. ಪೆಟ್ಟಿಗೆಯ ಮೇಲೆ ಕಾಣುವುದು ಅಂಕಿ, ತೂಕ, ದಿನಾಂಕ, ಎಚ್ಚರಿಕೆ ಮತ್ತು ಕಂಪನಿಯ ಹೆಸರು. ಆದ್ದರಿಂದ ವರ್ತಕನಿಗೆ ಹೆಚ್ಚು ಬಳಕೆಯ ಅಕ್ಷರ ಯಾವುದೆಂಬುದನ್ನು ಅವನ ಗೋದಾಮು ಮತ್ತು ಲೆಕ್ಕದ ಪುಸ್ತಕವೇ ನಿರ್ಣಯಿಸಬೇಕು.

ಚೀನಾದ ಮುಖ್ಯ ಭೂಭಾಗದಲ್ಲಿ 1956ರಿಂದ ಜಾರಿಗೆ ಬಂದ ಸರಳೀಕೃತ ಲಿಪಿ ಬಳಕೆಯಲ್ಲಿದೆ. ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಹಳೆಯ ಪೂರ್ಣರೂಪಗಳು ಉಳಿದಿವೆ. ಹೊಸಬರು ಸರಳೀಕೃತ ರೂಪಗಳಿಂದಲೇ ಆರಂಭಿಸತಕ್ಕದ್ದು.

ಗೆರೆಗಳ ಕ್ರಮ

ಕನ್ನಡದ ಅಕ್ಷರಗಳು ದುಂಡಗಿನವು; ಚೀನೀ ಅಕ್ಷರಗಳು ಗೆರೆಗಳಿಂದ ಕಟ್ಟಿದವು. ಗೆರೆಗಳನ್ನು ಎಳೆಯುವುದಕ್ಕೆ ನಿಶ್ಚಿತ ಕ್ರಮವಿದೆ: ಮೇಲಿನದು ಮೊದಲು, ಕೆಳಗಿನದು ಅನಂತರ, ಎಡದ್ದು ಮೊದಲು, ಬಲದ್ದು ಅನಂತರ, ಅಡ್ಡಗೆರೆ ಮೊದಲು, ಅದನ್ನು ದಾಟುವ ನೇರಗೆರೆ ಅನಂತರ, ಆವರಣ ಮೊದಲು, ಒಳಗಿನದು ಅನಂತರ, ಆವರಣದ ಬಾಗಿಲು ಮುಚ್ಚುವುದು ಕೊನೆಗೆ. ಈ ಕ್ರಮ ಕೈಗೆ ಹತ್ತಿದರೆ ಅಕ್ಷರ ನೆನಪಿನಲ್ಲಿ ನಿಲ್ಲುತ್ತದೆ. ದೂರವಾಣಿಯ ಪರದೆಯ ಮೇಲೆ ಬೆರಳಿನಿಂದ ಬರೆದು ಅರ್ಥ ಹುಡುಕುವುದಕ್ಕೂ ಅದು ನೆರವಾಗುತ್ತದೆ.

ಒಂದು ಅಡ್ಡಗೆರೆ ‘ಒಂದು’, ಎರಡು ಗೆರೆ ‘ಎರಡು’, ಮೂರು ಗೆರೆ ‘ಮೂರು’. ಕೂಡುವ ಗುರುತಿನಂಥದು ‘ಹತ್ತು’. ಒಂದು ಚೌಕ ‘ಬಾಯಿ’. ನಿಲುವಾದ ಚೌಕದೊಳಗೆ ಒಂದು ಅಡ್ಡಗೆರೆ ಸೇರಿದರೆ ‘ಸೂರ್ಯ’ ಅಥವಾ ‘ದಿನ’. ಎರಡು ಕಾಲು ಚಾಚಿದ ಆಕಾರ ‘ಮನುಷ್ಯ’. ಅವನು ತೋಳು ಚಾಚಿದಂತೆ ಅಡ್ಡಗೆರೆ ಎಳೆದರೆ ‘ದೊಡ್ಡದು’. ದೊಡ್ಡೇರಿಯ ‘ದೊಡ್ಡ’ ಎಂಬ ಅರ್ಥಕ್ಕೆ ಚೀನಿಯರು ಬರೆಯುವುದು ಇದನ್ನೇ. ಅಡಿಗೆರೆಯ ಮೇಲೆ ಮೂರು ಕಂಬ ನಿಲ್ಲಿಸಿ ನಡುವಿನದನ್ನು ಎತ್ತರಿಸಿದರೆ ಮಧುಗಿರಿಯ ‘ಗಿರಿ’.

ಚೌಕದೊಳಗೆ ಕೂಡುವ ಗುರುತು ಬಂದರೆ ‘ಹೊಲ’. ಇದೇ ಆಕಾರದಲ್ಲಿ ನಡುವಿನ ನೇರಗೆರೆ ಕೆಳಕ್ಕೆ ಮಾತ್ರ ಇಳಿದರೆ, ಕರಾರು ಪತ್ರದ ‘ಮೊದಲ ಪಕ್ಷ’ವನ್ನು ಸೂಚಿಸುವ ‘ಚ್ಯಾ’. ಅದು ಮೇಲಕ್ಕೂ ಚಾಚಿ, ಕೆಳಗೆ ಬಾಲದಂತೆ ಬಲಕ್ಕೆ ತಿರುಗಿದರೆ ‘ವಿದ್ಯುತ್’. ಗೆರೆಯ ತುದಿ ಎಲ್ಲಿ ನಿಲ್ಲುತ್ತದೆಂಬುದರಲ್ಲೇ ಅರ್ಥವಿದೆ.

ಅಂಗಗಳಿಂದ ಅಕ್ಷರ

ಸಾವಿರಾರು ಅಕ್ಷರಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಬಹುಪಾಲು ಅಕ್ಷರಗಳು ಎರಡು ಅಂಗಗಳಿಂದಾದವು: ಒಂದು ಅರ್ಥದ ಜಾತಿಯನ್ನು ತಿಳಿಸುತ್ತದೆ, ಇನ್ನೊಂದು ಉಚ್ಚಾರಣೆಯ ಸುಳಿವನ್ನು ಕೊಡುತ್ತದೆ. 1716ರಲ್ಲಿ ಪೂರ್ಣಗೊಂಡ ಕಾಂಗ್‌ಶಿ ನಿಘಂಟು ಎಲ್ಲ ಅಕ್ಷರಗಳನ್ನು 214 ಮೂಲಾಂಗಗಳಡಿ ವಿಂಗಡಿಸಿತು.

ನಮ್ಮ ಸೀಮೆಯ ಎರಡು ಸರಕುಗಳ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ‘ಹ್ವಾ’ ಎಂದರೆ ಹೂವು. ಅದರ ನೆತ್ತಿಯ ಮೇಲೆ ಹುಲ್ಲಿನ ಗುರುತಿದೆ: ಒಂದು ಅಡ್ಡಗೆರೆ, ಅದನ್ನು ದಾಟುವ ಎರಡು ಪುಟ್ಟ ನೇರಗೆರೆಗಳು. ಇದರಿಂದ ಅದು ಸಸ್ಯವರ್ಗದ್ದೆಂದು ತಿಳಿಯುತ್ತದೆ. ಕೆಳಗಿರುವುದು ‘ಬದಲಾವಣೆ’ ಎಂಬರ್ಥದ, ‘ಹ್ವಾ’ ಎಂದೇ ಉಚ್ಚರಿಸುವ ಅಕ್ಷರ. ಅದು ಇಲ್ಲಿ ಧ್ವನಿಗಾಗಿ ಬಂದಿದೆ. ಶೇಂಗಾಕ್ಕೆ ಚೀನೀ ಹೆಸರು ‘ಹ್ವಾಶಂಗ್’, ಅಂದರೆ ‘ಹೂವಿನಿಂದ ಹುಟ್ಟಿದ್ದು’. ಹೂವಿನ ಬುಡದಿಂದ ಹೊರಟ ಸೂಜಿ ಮಣ್ಣಿಗಿಳಿದು ಕಾಯಿ ಕಟ್ಟುವುದನ್ನು ಕಂಡ ಪಾವಗಡ, ಶಿರಾಗಳ ರೈತನಿಗೆ ಈ ಹೆಸರು ಒಮ್ಮೆ ಕೇಳಿದರೆ ಮರೆಯದು. ಗ್ರಾನೈಟಿಗೆ ‘ಹ್ವಾಕಾಂಗ್‌ಶ’ ಎನ್ನುತ್ತಾರೆ. ಇದರ ಮೊದಲ ಅಕ್ಷರವೂ ಅದೇ ಹೂವು, ಕೊನೆಯದು ಕಲ್ಲು.

ಕಲ್ಲಿನ ಅಕ್ಷರ ಹೀಗಿದೆ: ಮೇಲೊಂದು ಅಡ್ಡಗೆರೆ, ಅದರಿಂದ ಎಡಕ್ಕಿಳಿಯುವ ಓರೆಗೆರೆ, ಕೆಳಗೊಂದು ಚೌಕ. ಗಣಿ, ಮರಳು ಎಂಬರ್ಥದ ಅಕ್ಷರಗಳ ಎಡಬದಿಯಲ್ಲಿ ಇದೇ ಕಲ್ಲು ಕುಳಿತಿರುತ್ತದೆ. ‘ಚೂರಾಗು’ ಎಂಬ ಅಕ್ಷರದ ಎಡದಲ್ಲಿಯೂ ಅದೇ. ಸೌರ ಫಲಕಗಳ ಪೆಟ್ಟಿಗೆಯ ಮೇಲೆ ‘ಸುಲಭವಾಗಿ ಒಡೆಯುವ ವಸ್ತು’ ಎಂದು ಎಚ್ಚರಿಸುವ ಎರಡಕ್ಷರದ ಪದದಲ್ಲಿ ಎರಡನೆಯದು ಇದು. ಹೀಗೆ ಒಂದು ಅಂಗವನ್ನು ಕಲಿತರೆ ಹತ್ತು ಅಕ್ಷರಗಳ ಜಾತಿ ತಿಳಿಯುತ್ತದೆ.

ಉಚ್ಚಾರಣೆಯ ವಿಷಯ

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಚೀನೀ ಭಾಷೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಭೇದದಿಂದ ಅರ್ಥಭೇದವಾಗುತ್ತದೆ. ಹೊಲವು ‘ಥ್ಯೆನ್’, ವಿದ್ಯುತ್ತು ‘ತ್ಯೆನ್’. ತ–ಥ, ಪ–ಫ, ಕ–ಖ ಭೇದವನ್ನು ಶಾಲೆಯಲ್ಲೇ ಕಲಿತವರಿಗೆ ಇದು ಹೊಸದಲ್ಲ. ಹೊಸದಾಗಿರುವುದು ನಾಲ್ಕು ಸ್ವರದ ಏರಿಳಿತಗಳು. ‘ಮಾಯ್’ ಎಂಬುದನ್ನು ಇಳಿಸಿ ಏರಿಸಿ ಹೇಳಿದರೆ ‘ಕೊಳ್ಳು’. ಥಟ್ಟನೆ ಇಳಿಸಿ ಹೇಳಿದರೆ ‘ಮಾರು’. ಬರಹದಲ್ಲಿಯೂ ಇವೆರಡು ಅಣ್ಣತಮ್ಮಂದಿರಂತಿವೆ: ‘ಮಾರು’ ಎಂಬುದರ ನೆತ್ತಿಯ ಮೇಲೆ ‘ಹತ್ತು’ ಇರುತ್ತದೆ, ‘ಕೊಳ್ಳು’ ಎಂಬುದರಲ್ಲಿ ಅದಿಲ್ಲ. ಕರಾರಿನಲ್ಲಿ ಯಾವ ಹೊಣೆ ಕೊಳ್ಳುವವನದು, ಯಾವುದು ಮಾರುವವನದು ಎಂಬುದನ್ನು ಈ ಒಂದು ಗುರುತು ಹೇಳುತ್ತದೆ.

ಅಂಕಿ, ಹಣ, ತೂಕ

ಚೀನಿಯರು ಲಕ್ಷ, ಕೋಟಿಗಳಲ್ಲಿ ಎಣಿಸುವುದಿಲ್ಲ. ಅವರ ಏಕಮಾನ ‘ವಾನ್’, ಅಂದರೆ ಹತ್ತು ಸಾವಿರ. 10 ವಾನ್ ಸೇರಿದರೆ ನಮ್ಮ ಒಂದು ಲಕ್ಷ. 1,000 ವಾನ್ ಒಂದು ಕೋಟಿ. ಇದರ ಮೇಲಿನದು ‘ಯೀ’, ಅದು ಹತ್ತು ಕೋಟಿಗೆ ಸಮ. ದರಪಟ್ಟಿಯಲ್ಲಿ 120ರ ಮುಂದೆ ವಾನ್ ಅಕ್ಷರವಿದ್ದರೆ ಅದು 12 ಲಕ್ಷ ಯುವಾನ್.

ತೂಕದ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಅಗತ್ಯ. ‘ಚಿನ್’ ಎಂಬುದು ಚೀನಾದ ಪೇಟೆಗಳ ರೂಢಿಯ ತೂಕ. ಅದು 500 ಗ್ರಾಂ ಮಾತ್ರ. ಕಿಲೋಗ್ರಾಮಿಗೆ ‘ಕೊಂಗ್‌ಚಿನ್’ ಎಂದು ಎರಡು ಅಕ್ಷರ ಬರೆಯುತ್ತಾರೆ. ಈ ‘ಕೊಂಗ್’ ಅಕ್ಷರದಲ್ಲಿ ಮೇಲೆ ಅಗಲಿದ ಎರಡು ಗೆರೆಗಳಿರುತ್ತವೆ, ಕೆಳಗೆ ಮಡಿಸಿದ ಮೊಣಕೈಯಂಥ ಗೆರೆ ಇರುತ್ತದೆ. ಒಂದು ಚಿನ್‌ಗೆ 4 ಯುವಾನ್ ಎಂದು ಬರೆದಿರುವುದನ್ನು ಕಿಲೋ ದರವೆಂದು ತಿಳಿದವನು 10 ಟನ್ನಿನ ಖರೀದಿಯಲ್ಲಿ 40,000 ಯುವಾನ್ ತಪ್ಪು ಲೆಕ್ಕ ಹಾಕಿದಂತಾಯಿತು. ಒಂದು ಅಕ್ಷರ ಇದೆಯೋ ಇಲ್ಲವೋ ಎಂಬುದರ ಬೆಲೆ ಇಷ್ಟು.

ರಸೀದಿ ಮತ್ತು ಚೆಕ್ಕುಗಳಲ್ಲಿ ಬೇರೆಯೇ ಅಂಕಿಗಳು ಕಾಣುತ್ತವೆ. ‘ಒಂದು’ ಎಂಬ ಗೆರೆಗೆ ಇನ್ನೊಂದು ಗೆರೆ ಸೇರಿಸಿ ‘ಎರಡು’ ಮಾಡುವುದು, ‘ಹತ್ತು’ ಎಂಬುದರ ತಲೆಯ ಮೇಲೆ ಓರೆಗೆರೆ ಎಳೆದು ‘ಸಾವಿರ’ ಮಾಡುವುದು ಅತಿ ಸುಲಭ. ಈ ಮೋಸವನ್ನು ತಡೆಯಲು ಹಣದ ಪತ್ರಗಳಲ್ಲಿ ಹೆಚ್ಚು ಗೆರೆಗಳ ಜಟಿಲ ಅಂಕಿಗಳನ್ನು ಬಳಸುತ್ತಾರೆ. ನಮ್ಮಲ್ಲಿ ‘ರೂಪಾಯಿಗಳು ಮಾತ್ರ’ ಎಂದು ಬರೆಯುವಂತೆ ಅವರು ಮೊತ್ತದ ಕೊನೆಗೆ ‘ಚಂಗ್’, ಅಂದರೆ ‘ಪೂರ್ತಿ’, ಎಂದು ಬರೆಯುತ್ತಾರೆ.

ದಿನಾಂಕದಲ್ಲಿ ವರ್ಷ ಮೊದಲು, ತಿಂಗಳು ಅನಂತರ, ದಿನ ಕೊನೆಗೆ. ತಿಂಗಳಿಗೆ ‘ಚಂದ್ರ’ನ ಅಕ್ಷರ, ದಿನಕ್ಕೆ ‘ಸೂರ್ಯ’ನ ಅಕ್ಷರ.

ಪೆಟ್ಟಿಗೆ ಮತ್ತು ಯಂತ್ರ

ಪೆಟ್ಟಿಗೆಗಳ ಮೇಲೆ ಅಡಿಗೆರೆಯಿಂದ ಎದ್ದ ಕಂಬಕ್ಕೆ ಬಲಕ್ಕೊಂದು ಕೊಂಬೆ ಇದ್ದರೆ ‘ಮೇಲೆ’. ಮೇಲಿನ ಗೆರೆಯಿಂದ ಇಳಿಬಿದ್ದ ಕಂಬಕ್ಕೆ ಕೊಂಬೆ ಇದ್ದರೆ ‘ಕೆಳಗೆ’. ‘ಎಚ್ಚರ’ ಎಂಬುದಕ್ಕೆ ‘ಚಿಕ್ಕ’, ‘ಹೃದಯ’ ಎಂಬ ಎರಡು ಅಕ್ಷರಗಳನ್ನು ಜೋಡಿಸುತ್ತಾರೆ. ‘ಒಳಕ್ಕೆ’ ಮತ್ತು ‘ಬಾಯಿ’ ಸೇರಿದರೆ ಆಮದು. ‘ಹೊರಕ್ಕೆ’ ಮತ್ತು ‘ಬಾಯಿ’ ಸೇರಿದರೆ ರಫ್ತು. ಕಟ್ಟಡದ ಹೊರಬಾಗಿಲಿಗೂ ಬರೆಯುವುದು ಈ ಕೊನೆಯ ಜೋಡಿಯನ್ನೇ.

ಯಂತ್ರದ ಗುಂಡಿಗಳಲ್ಲಿ ‘ಖಾಯ್’ ಎಂದರೆ ಚಾಲನೆ: ಎರಡು ಅಡ್ಡಗೆರೆ, ಮೇಲಿನ ಗೆರೆಯಿಂದ ಹೊರಟು ಕೆಳಗಿನದನ್ನು ದಾಟಿ ಇಳಿಯುವ ಎರಡು ಕಾಲು. ಕಾಲುಗಳು ಕೆಳಗಿನ ಗೆರೆಯಿಂದಲೇ ಹೊರಟರೆ ಅದು ಹಣದ ‘ಯುವಾನ್’. ‘ಕ್ವಾನ್’ ಎಂದರೆ ನಿಲುಗಡೆ. ಅದರ ತಲೆಯ ಮೇಲೆ ಎರಡು ಚುಕ್ಕೆಗಳಿರುತ್ತವೆ. ‘ಚೀಥಿಂಗ್’ ಎಂದರೆ ತುರ್ತು ನಿಲುಗಡೆ. ಕಾರ್ಮಿಕರಿಗೆ ಮೊದಲು ಕಲಿಸಬೇಕಾದ ಪದ ಇದು. ‘ವಿದ್ಯುತ್’ ಅಕ್ಷರದ ಮುಂದೆ ‘ಒತ್ತಡ’ ಬಂದರೆ ವೋಲ್ಟೇಜ್, ‘ಹರಿವು’ ಬಂದರೆ ಕರೆಂಟ್, ‘ಕೊಳ’ ಬಂದರೆ ಬ್ಯಾಟರಿ. ಚೀನಾದ ಮೂರು ಫೇಸಿನ ಯಂತ್ರಗಳು ಸಾಮಾನ್ಯವಾಗಿ 380 ವೋಲ್ಟಿಗೆ ರಚಿತವಾದವು. ನಮ್ಮ ಸರಬರಾಜು ಬಹುಕಾಲ 415 ವೋಲ್ಟ್ ಎಂದು ನಿಗದಿಯಾಗಿತ್ತು. ಯಂತ್ರ ಜೋಡಿಸುವ ಮೊದಲು ಫಲಕದ ಈ ಸಾಲನ್ನು ಓದಿಕೊಂಡು ತಂತ್ರಜ್ಞರನ್ನು ಕೇಳುವುದು ಕ್ಷೇಮ.

ಕರಾರು ಪತ್ರ ಮತ್ತು ಮೊಹರು

ಚೀನೀ ಕಂಪನಿಯ ಅಧಿಕೃತವಾಗಿ ನೋಂದಾಯಿತವಾದ ಹೆಸರು ಚೀನೀ ಅಕ್ಷರಗಳಲ್ಲಿರುವುದು. ಇಂಗ್ಲಿಷ್ ಹೆಸರು ವ್ಯವಹಾರದ ಅನುಕೂಲಕ್ಕೆ ಮಾತ್ರ. ಸೀಮಿತ ಕಂಪನಿಯ ಹೆಸರು ‘ಯೋವ್‌ಶ್ಯೆನ್ ಕೊಂಗ್‌ಸ’ ಎಂಬ ನಾಲ್ಕು ಅಕ್ಷರಗಳಿಂದ ಮುಗಿಯುತ್ತದೆ. ಕಿಲೋಗ್ರಾಮಿನಲ್ಲಿ ಕಂಡ ‘ಕೊಂಗ್’ ಇಲ್ಲಿಯೂ ಇದೆ. ಕರಾರಿಗೆ ಬಲ ಬರುವುದು ದುಂಡಗಿನ ಕೆಂಪು ಮೊಹರಿನಿಂದ. ಅದರ ನಡುವೆ ಐದು ಮೂಲೆಯ ನಕ್ಷತ್ರ, ಸುತ್ತಲೂ ಕಂಪನಿಯ ಚೀನೀ ಹೆಸರು ಇರುತ್ತವೆ. 2015ರಿಂದ ಪ್ರತಿ ಕಂಪನಿಗೂ 18 ಅಂಕಿ–ಅಕ್ಷರಗಳ ಒಂದು ಏಕೀಕೃತ ಸಂಕೇತವಿದೆ.

ಮುಂಗಡ ಹಣ ಕಳುಹಿಸುವ ಮುನ್ನ ಕರಾರು, ಮೊಹರು, ವ್ಯಾಪಾರ ಪರವಾನಗಿ, ಬ್ಯಾಂಕ್ ಖಾತೆ ಈ ನಾಲ್ಕರಲ್ಲಿಯೂ ಅದೇ ಹೆಸರಿದೆಯೇ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ಇದಕ್ಕೆ ಭಾಷೆಯ ಪಾಂಡಿತ್ಯ ಬೇಡ, ಗೆರೆಗಳನ್ನು ನೋಡುವ ಕಣ್ಣು ಸಾಕು. ಆದರೆ ಕರಾರಿನ ಷರತ್ತುಗಳ ಅರ್ಥವನ್ನು ನಿರ್ಣಯಿಸುವುದು ಅರವತ್ತು ಅಕ್ಷರ ಬಲ್ಲವನ ಕೆಲಸವಲ್ಲ. ಅಲ್ಲಿ ಅರ್ಹ ಭಾಷಾಂತರಕಾರರ ನೆರವು ಪಡೆಯಲೇಬೇಕು.

ಅಭ್ಯಾಸದ ಕ್ರಮ

ಚೀನಾದ ಮಕ್ಕಳು ‘ಹೊಲ’ದ ಅಕ್ಷರದಂತೆ ನಾಲ್ಕು ಭಾಗ ಮಾಡಿದ ಚೌಕಗಳಲ್ಲಿ ಬರೆದು ಕಲಿಯುತ್ತಾರೆ. ನಮ್ಮಲ್ಲಿ ಲೆಕ್ಕದ ಚೌಕುಳಿ ಪುಸ್ತಕವೇ ಸಾಕು. ದಿನಕ್ಕೆ ಐದು ಅಕ್ಷರಗಳಂತೆ, ವಾರಕ್ಕೆ ಆರು ದಿನ ಕಲಿತರೆ ಎರಡು ವಾರಗಳಲ್ಲಿ ಅರವತ್ತು ಅಕ್ಷರಗಳಾಗುತ್ತವೆ.

1. ಮೊದಲ ವಾರ: ಅಂಕಿಗಳು, ವಾನ್, ಯುವಾನ್, ಚಿನ್, ವರ್ಷ, ತಿಂಗಳು, ದಿನ, ಬಾಯಿ, ಕಲ್ಲು, ಹುಲ್ಲು, ಹೃದಯ ಮೊದಲಾದ ಮೂಲಾಂಗಗಳು.

2. ಎರಡನೆಯ ವಾರ: ಪೆಟ್ಟಿಗೆ, ಯಂತ್ರ ಮತ್ತು ಕರಾರಿನ ಅಕ್ಷರಗಳು, ಜೊತೆಗೆ ತಮ್ಮ ಸರಕಿನ ಹೆಸರು.

3. ಮೂರನೆಯ ವಾರ: ಹೊಸ ಅಕ್ಷರ ಬೇಡ. ಗೋದಾಮಿನಲ್ಲಿರುವ ಪೆಟ್ಟಿಗೆ, ಫಲಕಗಳನ್ನು ಓದುವುದು. ಹಿಂದಿನ ದಿನದ್ದನ್ನು ನೋಡದೆ ಬರೆಯುವುದು.

ದೂರವಾಣಿಯ ಕ್ಯಾಮೆರಾ ಇಂದು ಚೀನೀ ಬರಹವನ್ನು ಕ್ಷಣದಲ್ಲಿ ಭಾಷಾಂತರಿಸುತ್ತದೆ, ನಿಜ. ಆದರೆ ಕೈಬರಹ, ಮಸುಕಾದ ಮೊಹರು, ಹರಿದ ಚೀಟಿಗಳ ಮುಂದೆ ಅದು ತಪ್ಪುವುದುಂಟು. ಅದು ತಪ್ಪಿದೆ ಎಂದು ತಿಳಿಯಲು ಓದುವವನಿಗೂ ಸ್ವಲ್ಪ ಅಕ್ಷರ ಗೊತ್ತಿರಬೇಕು. ಮುಂದುವರಿಯಲು ಬಯಸುವವರು ಚೀನಾದ ಎಚ್.ಎಸ್.ಕೆ. ಪರೀಕ್ಷೆಯ ಮೊದಲ ಹಂತದ ಪಠ್ಯವನ್ನು ಅನುಸರಿಸಬಹುದು. ನಮ್ಮ ದೇಶದಲ್ಲಿಯೂ ಈ ವಿದ್ಯೆ ಹೊಸತಲ್ಲ. ಶಾಂತಿನಿಕೇತನದಲ್ಲಿ ಚೀನಾ ಭವನ ಸ್ಥಾಪನೆಯಾದದ್ದು 1937ರಲ್ಲಿ.

ತಕ್ಕಡಿಯ ಮುಳ್ಳನ್ನು ತಾನೇ ನೋಡದೆ ಯಾವ ವರ್ತಕನೂ ಸರಕು ಕೊಳ್ಳುವುದಿಲ್ಲ. ತಾನು ಸಹಿ ಮಾಡುವ ಪತ್ರದಲ್ಲಿ ತೂಕ ಯಾವುದು, ಮೊತ್ತ ಎಷ್ಟು, ಹಣ ಯಾರ ಹೆಸರಿಗೆ ಎಂಬ ಮೂರನ್ನು ತಾನೇ ಓದಿಕೊಳ್ಳುವಷ್ಟು ಅಕ್ಷರಜ್ಞಾನವೂ ಅಂಥದೇ ಎಚ್ಚರಿಕೆ. ಅದಕ್ಕೆ ಬೇಕಾದುದು ಒಂದು ಚೌಕುಳಿ ಪುಸ್ತಕ ಮತ್ತು ಮೂರು ವಾರಗಳ ಅಭ್ಯಾಸ.