ಮೇಲ್ಮಣ್ಣಿನ ರಕ್ಷಣೆಗೆ ಸರಕಾರದ ಸಹಾಯಧನ: ಅಮೆರಿಕಾ ದೇಶದ ಅನುಭವ

ಭೂಸಾರದ ಬಹುಭಾಗವು ಮೇಲಿನ ಕೆಲವು ಅಂಗುಲ ಮಣ್ಣಿನಲ್ಲಿಯೇ ಅಡಗಿರುವುದು. ಆ ಮಣ್ಣು ಒಮ್ಮೆ ಕೊಚ್ಚಿಹೋದರೆ ಎಷ್ಟು ಗೊಬ್ಬರ ಹಾಕಿದರೂ ಮರಳಿ ಬಾರದು. ಅದನ್ನು ಕಾಯುವ ಖರ್ಚು ಹೊಲದವನೊಬ್ಬನದು. ಲಾಭವಾದರೋ ಕೆಳಗಿನ ಕೆರೆ, ಹೊಳೆ, ನೆರೆಹೊಲಗಳಿಗೂ ಸಲ್ಲುವುದು. ಆದುದರಿಂದ ಆ ಖರ್ಚಿನಲ್ಲಿ ಸರಕಾರವು ಪಾಲುಗೊಳ್ಳುವುದು ನ್ಯಾಯವೇ ಸರಿ. ಆದರೆ ಹಣವನ್ನು ಯಾರಿಗೆ, ಯಾವ ಕಟ್ಟುಪಾಡಿನ ಮೇಲೆ ಕೊಡತಕ್ಕದ್ದು? ಈ ವಿಷಯದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನುಭವವು ವಿಚಾರಾರ್ಹವಾಗಿದೆ.

ಪೂರ್ವ ವೃತ್ತಾಂತ

1933ರಲ್ಲಿ ಅಲ್ಲಿಯ ಸರಕಾರವು ಬೆಳೆಯ ವಿಸ್ತೀರ್ಣವನ್ನು ಕಡಿಮೆ ಮಾಡಿದವರಿಗೆ ಹಣ ಕೊಡಲು ಶಾಸನ ಮಾಡಿತು. ಹತ್ತಿ ಬೆಳೆಯುವ ದಕ್ಷಿಣ ಸೀಮೆಯಲ್ಲಿ ಆ ಹಣದ ಬಹುಭಾಗವು ಭೂಮಾಲಿಕರ ಕೈ ಸೇರಿತು. ನೆಲ ಬೀಳುಬಿದ್ದ ಮೇಲೆ ವಾರಗಾರರು ಬೇಕಿಲ್ಲವೆಂದು ಅನೇಕ ಒಕ್ಕಲುಗಳನ್ನು ಎಬ್ಬಿಸಲಾಯಿತು. 1934ರಲ್ಲಿ ಆರ್ಕಾನ್ಸಾ ಪ್ರಾಂತದ ವಾರಗಾರರು ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡರು.

ಅದೇ ಕಾಲದಲ್ಲಿ ಮಧ್ಯದ ಬಯಲು ಸೀಮೆಯಲ್ಲಿ ಮಳೆ ತಪ್ಪಿ, ಹುಲ್ಲುಗಾವಲನ್ನು ಉತ್ತ ಹೊಲಗಳ ಮಣ್ಣು ಗಾಳಿಗೆ ಹಾರಿಹೋಯಿತು. 1935ರ ಏಪ್ರಿಲ್ 27ರಂದು ಮಣ್ಣಿನ ರಕ್ಷಣೆಯ ಶಾಸನವಾಗಿ, ಹ್ಯೂ ಹ್ಯಾಮಂಡ್ ಬೆನೆಟ್ಟರು ಹೊಸ ಇಲಾಖೆಯ ಮುಖ್ಯಸ್ಥರಾದರು. 1936ರ ಜನವರಿಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1933ರ ಶಾಸನವನ್ನು ಅಸಿಂಧುಗೊಳಿಸಿತು. ಮರುತಿಂಗಳಲ್ಲಿಯೇ ಮಣ್ಣು ಕಾಯುವ ಕೆಲಸಕ್ಕಾಗಿ ಹಣ ಕೊಡುವ ಬೇರೊಂದು ಶಾಸನವು ಬಂದಿತು.

1985ರ ಏರ್ಪಾಡು

1985ರ ಶಾಸನದಿಂದ ಇನ್ನೂ ದೊಡ್ಡ ಯೋಜನೆಯು ಏರ್ಪಟ್ಟಿತು. ಬೇಗನೆ ಸವೆಯುವ ಹೊಲವನ್ನು 10ರಿಂದ 15 ವರ್ಷಗಳವರೆಗೆ ಉಳದೆ, ಹುಲ್ಲು ಅಥವಾ ಮರ ಬೆಳೆಯಿಸುವೆನೆಂದು ರೈತನು ಕರಾರು ಬರೆದುಕೊಡುವನು. ಸರಕಾರವು ಎಕರೆಗೆ ಇಷ್ಟೆಂದು ವರ್ಷವರ್ಷವೂ ಗೇಣಿ ಕೊಡುವುದಲ್ಲದೆ, ಹುಲ್ಲು ಹಾಕುವ ಖರ್ಚಿನಲ್ಲಿ ಅರ್ಧದವರೆಗೆ ಸಹಾಯ ಮಾಡುವುದು. ಒಬ್ಬನಿಗೆ ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ಗೇಣಿ ಸಲ್ಲದು.

ಹೊಲಗಳು ಬೀಳಾದರೆ ಬೀಜ, ಗೊಬ್ಬರ, ಯಂತ್ರಗಳ ವ್ಯಾಪಾರ ಕುಗ್ಗಿ, ಕೂಲಿಯೂ ಕಡಿಮೆಯಾಗುವುದು. ಇದನ್ನರಿತೇ, ನಮ್ಮ ತಾಲ್ಲೂಕು ಜಿಲ್ಲೆಗಳನ್ನು ಹೋಲುವ ಒಂದೊಂದು ಕೌಂಟಿಯಲ್ಲಿಯೂ ಸಾಗುವಳಿ ಭೂಮಿಯ ನೂರಕ್ಕೆ 25 ಪಾಲನ್ನು ಸಾಮಾನ್ಯವಾಗಿ ಮೀರಕೂಡದೆಂದು ಮಿತಿಯನ್ನಿಟ್ಟರು.

ಲೆಕ್ಕದ ಉದಾಹರಣೆ

ಒಬ್ಬ ರೈತನು 80 ಎಕರೆ ಇಳಿಜಾರಿನ ಹೊಲವನ್ನು ಎಕರೆಗೆ 50 ಡಾಲರಿನಂತೆ 10 ವರ್ಷಕ್ಕೆ ಸೇರಿಸಿದನೆಂದು ಭಾವಿಸೋಣ. ವರ್ಷಕ್ಕೆ 4,000, ಒಟ್ಟು 40,000 ಡಾಲರು ಬರುವುದು. 5 ವರ್ಷ ಕಳೆದ ಮೇಲೆ ಧಾರಣೆ ಏರಿತೆಂದು ಕರಾರು ಮುರಿದು ಉತ್ತರೆ, ಪಡೆದ 20,000 ಡಾಲರನ್ನೂ ಹುಲ್ಲಿಗಾಗಿ ಪಡೆದ ಸಹಾಯವನ್ನೂ ಬಡ್ಡಿ, ಜುಲ್ಮಾನೆ ಸಹಿತ ಹಿಂದಿರುಗಿಸಬೇಕಾಗುವುದು. ಆದುದರಿಂದ ಈ ಹಣವು ದಾನವಲ್ಲ. ಕೆಲಸಕ್ಕೆ ಕೊಟ್ಟ ಪ್ರತಿಫಲ.

ಕುಂದುಗಳು

ಕರಾರಿನ ಅವಧಿ ಮುಗಿದೊಡನೆ ಹೊಲವು ಮತ್ತೆ ನೇಗಿಲಿಗೆ ಒಳಗಾಗಬಹುದು. 2007ರಲ್ಲಿ 3 ಕೋಟಿ 60 ಲಕ್ಷ ಎಕರೆಗೂ ಹೆಚ್ಚು ಭೂಮಿ ಈ ಯೋಜನೆಯಲ್ಲಿದ್ದಿತು. ತರುವಾಯ ಧಾನ್ಯದ ಧಾರಣೆ ಏರಿತು. 2014ರ ಶಾಸನವು ಮಿತಿಯನ್ನೂ ತಗ್ಗಿಸಿತು. ಕೆಲವು ವರ್ಷಗಳಲ್ಲಿಯೇ ಅದು ಸುಮಾರು 2 ಕೋಟಿ 40 ಲಕ್ಷ ಎಕರೆಗೆ ಇಳಿಯಿತು. ಹತ್ತು ವರ್ಷ ಕಾದ ಮಣ್ಣನ್ನು ಎರಡು ಮಳೆಗಾಲಗಳಲ್ಲಿ ಕಳೆದುಕೊಂಡರೆ ಸರಕಾರದ ಹಣವೂ ರೈತನ ತಾಳ್ಮೆಯೂ ವ್ಯರ್ಥವೇ.

ಗಮನಿಸತಕ್ಕ ಅಂಶಗಳು

1. ಸಹಾಯಧನವು ಸವೆಯುವ ಭೂಮಿಗೇ ಸಲ್ಲಬೇಕು, ಪ್ರಬಲನ ಭೂಮಿಗೆಂದಲ್ಲ.
2. ಗೇಣಿದಾರನಿದ್ದಲ್ಲಿ ಅವನ ಪಾಲನ್ನು ಮೊದಲೇ ಬರೆಯಿಸಿಡಬೇಕು. 1933ರ ಅನ್ಯಾಯವು ಬರಹವಿಲ್ಲದ ಕಡೆಯಲ್ಲಿಯೇ ಸುಲಭವಾಗಿ ನಡೆಯುವುದು.
3. ಅವಧಿ ಮುಗಿದ ಮೇಲೆ ಮಾಡತಕ್ಕದ್ದನ್ನು ಅವಧಿಗೆ ಮುಂಚೆಯೇ ಗೊತ್ತುಪಡಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ನೀರು ಹರಿಯುವ ದಾರಿಯಲ್ಲಿ ಹುಲ್ಲಿನ ಪಟ್ಟಿಯನ್ನು ಉಳಿಸುವುದು ಇವೇ ಮೊದಲಾದ ಕ್ರಮಗಳನ್ನು ಬಿಡಕೂಡದು.

ಗ್ರಾಮದ ಯಜಮಾನರೂ ಭೂಮಾಲಿಕರೂ ಯಾವುದೇ ಸಹಾಯಧನದ ಕಾಗದಕ್ಕೆ ರುಜು ಹಾಕುವ ಮುನ್ನ ಈ ಮೂರನ್ನು ವಿಚಾರಿಸುವುದು ಶ್ರೇಯಸ್ಕರ. ಹಣವು ಖರ್ಚಾಗಿ ಹೋಗುವುದು. ಮಣ್ಣು ಉಳಿದರೆ ಮಕ್ಕಳಿಗೆ ಅನ್ನವಾಗುವುದು.