ಹುಲ್ಲಿನ ಬಣವೆಯ ಚಿತ್ರ

ಮುಂದೆ ಯಾವ ಉದ್ಯೋಗವನ್ನು ಹಿಡಿಯಬೇಕೆಂಬುದು ತಿಳಿಯದೆ ಮೇಲಿನ ತರಗತಿಯ ಹುಡುಗಿಯರು ಕಳವಳಪಡುವುದನ್ನೂ ತಾಯಿತಂದೆಗಳು ಅವಸರಪಡುವುದನ್ನೂ ನಾವು ವರ್ಷವರ್ಷವೂ ಕಾಣುತ್ತೇವೆ. ಆದಕಾರಣ ಚಿತ್ರಕಲೆಯ ಪಾಠದಲ್ಲಿ ರಷ್ಯಾದೇಶದ ವಾಸಿಲಿ ಕಾಂಡಿನ್‌ಸ್ಕಿಯ ವೃತ್ತಾಂತವನ್ನು ತುಸು ವಿಸ್ತಾರವಾಗಿಯೇ ಹೇಳುವುದುಂಟು.

1866ರಲ್ಲಿ ಹುಟ್ಟಿದ ಈತನು ಮಾಸ್ಕೋದಲ್ಲಿ ನ್ಯಾಯಶಾಸ್ತ್ರವನ್ನೂ ಅರ್ಥಶಾಸ್ತ್ರವನ್ನೂ ಓದಿದವನು. ಅಲ್ಲಿ ನಡೆದ ಫ್ರೆಂಚ್ ಚಿತ್ರಗಳ ಪ್ರದರ್ಶನದಲ್ಲಿ ಮೋನೆಯ ಒಂದು ಚಿತ್ರದ ಮುಂದೆ ನಿಂತಾಗ ಅದು ಏನೆಂಬುದೇ ಅವನಿಗೆ ಹೊಳೆಯಲಿಲ್ಲ. ಹುಲ್ಲಿನ ಬಣವೆಯೆಂದು ಪಟ್ಟಿಯನ್ನು ನೋಡಿ ತಿಳಿದುಕೊಂಡನು. ಗುರುತು ಸಿಗದಂತೆ ಬರೆಯಲು ಚಿತ್ರಕಾರನಿಗೆ ಹಕ್ಕಿಲ್ಲವೆಂದು ಮೊದಲು ಬೇಸರಗೊಂಡನು. ಆದರೆ ಚಿತ್ರವು ಅವನ ಮನಸ್ಸನ್ನು ಬಿಟ್ಟುಹೋಗಲಿಲ್ಲ. ವಸ್ತುವಿನ ಗುರುತು ಬೇರೆ, ಚಿತ್ರದ ಅರ್ಥ ಬೇರೆ ಎಂಬುದನ್ನು ನಮ್ಮ ಮಕ್ಕಳು ಇಲ್ಲಿಯೇ ಗ್ರಹಿಸುತ್ತಾರೆ. ಚುಕ್ಕಿರಂಗೋಲಿಯ ಸುತ್ತುಗಳು ಯಾವ ವಸ್ತುವನ್ನು ಹೋಲುತ್ತವೆಯೆಂದು ಯಾರು ಕೇಳುತ್ತಾರೆ?

1896ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಡೋರ್ಪಾಟ್ ವಿಶ್ವವಿದ್ಯಾಲಯದ ಹುದ್ದೆಯನ್ನು ಒಲ್ಲದೆ, ಅವನು ಮ್ಯೂನಿಕ್ಕಿಗೆ ಹೋಗಿ ಚಿತ್ರಾಭ್ಯಾಸಕ್ಕೆ ಕುಳಿತನು. ವಸ್ತುರೂಪವನ್ನೇ ತೊರೆದ ಚಿತ್ರಗಳನ್ನು ಬರೆಯುವ ವೇಳೆಗೆ ಇನ್ನೂ ಸುಮಾರು ಹದಿನೈದು ವರ್ಷ ಕಳೆದಿದ್ದುವು. ಹದಿನಾರರ ಮಗಳು ‘ಇನ್ನೂ ತಿಳಿಯದು’ ಎಂದರೆ ಅದನ್ನು ಸೋಮಾರಿತನವೆಂದು ಎಣಿಸದೆ, ಅವಳು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾಳೆಂಬುದನ್ನು ತಾಯಿತಂದೆಗಳು ದಯಮಾಡಿ ಗಮನಿಸಬೇಕು.

ಹಾಗಾದರೆ ಓದನ್ನು ಬಿಡಬಹುದೇ ಎಂದು ಕೇಳುವ ಚತುರೆಯರೂ ತರಗತಿಯಲ್ಲಿ ಉಂಟು. ನ್ಯಾಯಶಾಸ್ತ್ರದ ಪರೀಕ್ಷೆಗಳನ್ನು ಅವನು ಮುಗಿಸಿಯೇ ಹೊರಟನೆಂದು ಅವರಿಗೆ ಜ್ಞಾಪಿಸುತ್ತೇವೆ.