ಎಳೆಯರ ಕೈಯಿಂದ ಪುಸ್ತಕಗಳನ್ನು ತೆಗೆದುಬಿಡಬೇಕೋ?

ಪಾಠಭಾಗ: ಯೆರೆಮೀಯ 36ನೆಯ ಅಧ್ಯಾಯ, ಅಪೊಸ್ತಲರ ಕೃತ್ಯಗಳು 19:18-20, ದಾನಿಯೇಲ 1ನೆಯ ಅಧ್ಯಾಯ.

ನಮ್ಮ ಮಕ್ಕಳು ಓದುವದಕ್ಕೆ ಕಲಿತದ್ದು ದೇವರ ದೊಡ್ಡ ಉಪಕಾರ. ಆದರೆ ಅಕ್ಷರ ಬಲ್ಲವನಿಗೆ ಎಲ್ಲಾ ಪುಸ್ತಕಗಳೂ ತೆರೆದ ಬಾಗಿಲುಗಳೇ. ಸತ್ಯವೇದವನ್ನು ಓದಬಲ್ಲ ಹುಡುಗನು ನಮ್ಮ ವಿಶ್ವಾಸವನ್ನು ಅಲ್ಲಗಳೆಯುವ ಪುಸ್ತಕವನ್ನೂ ಓದಬಲ್ಲನು. ಆದಕಾರಣ ವಿವಾದಕ್ಕೆ ಗುರಿಯಾದ ಪುಸ್ತಕಗಳನ್ನು ಎಳೆಯರಿಗೆ ನಿಷೇಧಿಸಬೇಕೋ ಎಂದು ತಂದೆತಾಯಿಗಳು ಕೇಳುವದು ನ್ಯಾಯವೇ. ಇದಕ್ಕೆ ದೇವರ ವಾಕ್ಯದಲ್ಲಿ ಯಾವ ಬೆಳಕು ಇದೆ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಎರಡು ಬೆಂಕಿಗಳು

ಯೆರೆಮೀಯನ ಬಾಯಿಂದ ಬಂದ ದೇವರ ಮಾತುಗಳನ್ನು ಬಾರೂಕನು ಸುರುಳಿಯಲ್ಲಿ ಬರೆದನು. ಅರಸನಾದ ಯೆಹೋಯಾಕೀಮನು ಚಳಿಗಾಲದ ಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು ಅದನ್ನು ಓದಿಸಿದನು. ಮೂರು ನಾಲ್ಕು ಅಂಕಣಗಳನ್ನು ಓದುವಷ್ಟರಲ್ಲಿಯೇ ಅವನು ಅವುಗಳನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾ ಬಂದನು. ಸುಡಬಾರದೆಂದು ಮೂವರು ಪ್ರಧಾನರು ಬೇಡಿಕೊಂಡರೂ ಕೇಳಲಿಲ್ಲ. ಆ ಸುರುಳಿ ಸುಳ್ಳಾಗಿರಲಿಲ್ಲ. ಅದು ಅವನ ಪಾಪವನ್ನು ತೋರಿಸಿತು, ಅದೇ ಅವನ ಕೋಪಕ್ಕೆ ಕಾರಣ. ಬೆಂಕಿಯಿಂದ ಅವನಿಗೆ ಲಾಭವೇನು? ದೇವರು ಬೇರೊಂದು ಸುರುಳಿಯನ್ನು ಬರೆಯಿಸಿದನು. ಅದರಲ್ಲಿ ಮೊದಲಿನದಕ್ಕಿಂತ ಹೆಚ್ಚು ಮಾತುಗಳಿದ್ದವು.

ಎರಡನೆಯ ಬೆಂಕಿ ಎಫೆಸ ಪಟ್ಟಣದ್ದು. ಅಲ್ಲಿ ಮಾಟಮಂತ್ರಗಳನ್ನು ನಡಿಸಿದ್ದವರು ಕರ್ತನನ್ನು ನಂಬಿದ ಮೇಲೆ ತಮ್ಮ ಪುಸ್ತಕಗಳನ್ನು ತಾವೇ ತಂದು ಎಲ್ಲರ ಮುಂದೆ ಸುಟ್ಟರು. ಅವುಗಳ ಬೆಲೆ ಐವತ್ತು ಸಾವಿರ ಬೆಳ್ಳಿಯ ನಾಣ್ಯಗಳು. ಪೌಲನು ಯಾರ ಮನೆಗೂ ನುಗ್ಗಿ ಪುಸ್ತಕಗಳನ್ನು ಕಸಿದುಕೊಂಡನೆಂದು ಅಲ್ಲಿ ಬರೆದಿಲ್ಲ. ಸುವಾರ್ತೆಯು ಮೊದಲು ಹೃದಯದೊಳಗೆ ಹೊಕ್ಕಿತು. ಪುಸ್ತಕಗಳು ಆ ಮೇಲೆ ತಾವಾಗಿಯೇ ಮನೆಯಿಂದ ಹೊರಬಿದ್ದವು.

ಆದದರಿಂದ ಪುಸ್ತಕವನ್ನು ತೆಗೆದುಬಿಡುವದಕ್ಕೆ ಮುಂಚೆ ನಮ್ಮನ್ನು ನಾವೇ ಕೇಳಿಕೊಳ್ಳತಕ್ಕದ್ದು: ಇದು ಮಗುವನ್ನು ಕೆಡಿಸುತ್ತದೆಂದು ತೆಗೆಯುತ್ತೇವೋ, ಇಲ್ಲವೆ ನಮ್ಮನ್ನು ಚುಚ್ಚುತ್ತದೆಂದು ತೆಗೆಯುತ್ತೇವೋ?

2. ನಮ್ಮ ಪುಸ್ತಕವೂ ನಿಷೇಧಿಸಲ್ಪಟ್ಟಿತ್ತು

ವಿಲಿಯಂ ಟಿಂಡೇಲನು ಹೊಸ ಒಡಂಬಡಿಕೆಯನ್ನು ಮೂಲ ಗ್ರೀಕ್ ಭಾಷೆಯಿಂದ ಇಂಗ್ಲಿಷಿಗೆ ತಿರುಗಿಸಿದನು. ಅದು 1526ರಲ್ಲಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ಅಚ್ಚಾಯಿತು. ಅದೇ ವರುಷ ಲಂಡನಿನ ಬಿಷಪನು ಅದರ ಪ್ರತಿಗಳನ್ನು ಸುಡಿಸಿದನು. 1536ರಲ್ಲಿ ಟಿಂಡೇಲನಿಗೆ ಮರಣದಂಡನೆಯಾಯಿತು. ತರುವಾಯ 1543ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಯಿದೆ ಹುಟ್ಟಿತು. ಸಾಮಾನ್ಯ ಸ್ತ್ರೀಯರೂ ಕೈಕಸಬಿನವರೂ ಆಳುಗಳೂ ಒಕ್ಕಲುಮಕ್ಕಳೂ ಕೂಲಿಯವರೂ ಇಂಗ್ಲಿಷ್ ಸತ್ಯವೇದವನ್ನು ಓದಕೂಡದೆಂದು ಅದು ವಿಧಿಸಿತು. ಇಂಥವರು ಓದಿ ತಪ್ಪು ಅಭಿಪ್ರಾಯಗಳಿಗೆ ಬೀಳುತ್ತಾರೆಂಬದೇ ಅದಕ್ಕೆ ಕೊಟ್ಟ ಕಾರಣ. ಹೊಲದಲ್ಲಿ ದುಡಿಯುವ ಸಹೋದರರೇ, ನಾವು ಆ ಕಾಲದಲ್ಲಿ ಅಲ್ಲಿ ಇದ್ದಿದ್ದರೆ ನಮ್ಮ ಕೈಯಿಂದಲೂ ಈ ಪುಸ್ತಕ ತೆಗೆಯಲ್ಪಡುತ್ತಿತ್ತು! 1547ರಲ್ಲಿ ಆ ಕಾಯಿದೆ ರದ್ದಾಯಿತು.

ಇದು ಹಳೆಯ ಮಾತೆಂದು ತಿಳಿಯಬೇಡಿರಿ. ಅಮೇರಿಕದ ಯೂಟಾ ರಾಜ್ಯದಲ್ಲಿ ಶಾಲೆಗಳಿಂದ ಅಸಭ್ಯ ಪುಸ್ತಕಗಳನ್ನು ತೆಗೆಯಬೇಕೆಂದು 2022ರಲ್ಲಿ ಕಾಯಿದೆಯಾಯಿತು. ಆಗ ಪೋಷಕರೊಬ್ಬರು ಅದೇ ಅಳತೆಯಿಂದ ಸತ್ಯವೇದವನ್ನೂ ಅಳೆಯಬೇಕೆಂದು ದೂರು ಕೊಟ್ಟರು. 2023ರಲ್ಲಿ ಅಲ್ಲಿಯ ಒಂದು ಶಾಲಾ ಜಿಲ್ಲೆಯವರು ಚಿಕ್ಕ ತರಗತಿಗಳ ಪುಸ್ತಕಾಲಯಗಳಿಂದ ಸತ್ಯವೇದವನ್ನು ತೆಗೆದರು. ಕೆಲವು ವಾರಗಳಲ್ಲಿಯೇ ತಿರಿಗಿ ಇಟ್ಟರು. ನಾವು ಇತರರ ಪುಸ್ತಕಕ್ಕೆ ಹಿಡಿಯುವ ಅಳತೆಗೋಲು ನಾಳೆ ನಮ್ಮ ಪುಸ್ತಕಕ್ಕೂ ಹಿಡಿಯಲ್ಪಡುವದು.

3. ಹಾಲೂ ಗಟ್ಟಿ ಆಹಾರವೂ

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ಕೊಡಬಹುದೋ? ಹಾಗಲ್ಲ. ಎಳೆಗೂಸಿಗೆ ಹಾಲು, ಪ್ರಾಯಸ್ಥರಿಗೆ ಗಟ್ಟಿ ಆಹಾರ ಎಂಬ ಕ್ರಮವು ಇಬ್ರಿಯರ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಉಂಟು. ಸತ್ಯವೇದದಲ್ಲಿಯೂ ದಾವೀದನ ವ್ಯಭಿಚಾರದ ಸಂಗತಿಯನ್ನು ಐದು ವರುಷದ ಕೂಸಿಗೆ ನಾವು ಓದಿ ಹೇಳುವದಿಲ್ಲ. ಅದಕ್ಕೆ ಕಾಲ ಬರುತ್ತದೆ. ಕಾಮವನ್ನು ಕೆರಳಿಸುವದಕ್ಕಾಗಿಯೂ ಕ್ರೂರತನವನ್ನು ಇಂಪುಮಾಡುವದಕ್ಕಾಗಿಯೂ ಬರೆದ ಪುಸ್ತಕಗಳನ್ನು ಎಳೆಯರಿಂದ ದೂರವಿಡುವದು ತಂದೆತಾಯಿಗಳ ಕರ್ತವ್ಯ. ನಮ್ಮ ದೇಶದಲ್ಲಿಯೂ ಎಳೆಯರನ್ನು ಕೆಡಿಸುವ ಪ್ರಕಟನೆಗಳ ವಿಷಯದಲ್ಲಿ 1956ರಲ್ಲಿ ಕಾಯಿದೆ ಮಾಡಲ್ಪಟ್ಟಿತು. ಆದರೆ ನಮ್ಮ ಅಭಿಪ್ರಾಯಕ್ಕೆ ಒಪ್ಪದ ಪುಸ್ತಕ ಬೇರೆ, ಶೀಲವನ್ನು ಕೆಡಿಸುವ ಪುಸ್ತಕ ಬೇರೆ. ಇವೆರಡನ್ನೂ ಒಂದೇ ಹಗ್ಗದಿಂದ ಕಟ್ಟಬಾರದು.

4. ದಾನಿಯೇಲನ ಮಾದರಿ

ದಾನಿಯೇಲನೂ ಅವನ ಗೆಳೆಯರೂ ಬಾಬೆಲಿಗೆ ಒಯ್ಯಲ್ಪಟ್ಟಾಗ ಯೌವನಸ್ಥರಾಗಿದ್ದರು. ಅವರು ಅರಸನ ಭೋಜನವನ್ನೂ ದ್ರಾಕ್ಷಾರಸವನ್ನೂ ಒಲ್ಲೆವೆಂದರು. ಆದರೆ ಕಸ್ದೀಯರ ಭಾಷೆಯನ್ನೂ ಗ್ರಂಥಗಳನ್ನೂ ಕಲಿಯಲು ಒಲ್ಲೆವೆನ್ನಲಿಲ್ಲ. ಅನ್ಯರ ವಿದ್ಯೆಯನ್ನು ಕಲಿತೂ ದೇವರನ್ನು ಬಿಡಲಿಲ್ಲ. ಯಾಕಂದರೆ ಬಾಬೆಲಿನ ಪುಸ್ತಕ ಕೈಗೆ ಬರುವದಕ್ಕೆ ಮುಂಚೆಯೇ ದೇವರ ಭಯವು ಅವರಲ್ಲಿ ಬೇರೂರಿತ್ತು. ಬೇರಿಲ್ಲದ ಗಿಡಕ್ಕೆ ಎಷ್ಟು ಬೇಲಿ ಹಾಕಿದರೂ ಏನು ಪ್ರಯೋಜನ?

5. ನಾವು ಮಾಡತಕ್ಕದ್ದು

ಮಗನ ಕೈಯಲ್ಲಿ ಸಂದೇಹಕರವಾದ ಪುಸ್ತಕವನ್ನು ಕಂಡರೆ ಕಸಿದು ಒಲೆಗೆ ಹಾಕಬೇಡಿರಿ. ಹಾಕಿದರೆ ಮತ್ತೊಂದು ಪ್ರತಿಯನ್ನು ಬಣವೆಯ ಮರೆಯಲ್ಲಿ ಓದುವನು. ಆಗ ಅವನ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರುವದಿಲ್ಲ. ಮೊದಲು ನೀವು ಅದನ್ನು ಓದಿರಿ. ಓದುಬಾರದವರು ಮಗನಿಂದಲೇ ಓದಿಸಿ ಕೇಳಿರಿ, ಇಲ್ಲವೆ ಉಪದೇಶಿಯವರನ್ನು ಕೇಳಿರಿ. ಪ್ರಾಯಕ್ಕೆ ತಕ್ಕದ್ದಲ್ಲವಾದರೆ ಕಾರಣವನ್ನು ತಿಳಿಸಿ, ಪ್ರೀತಿಯಿಂದ ತೆಗೆದಿಡಿರಿ. ವಿಶ್ವಾಸವನ್ನು ಪ್ರಶ್ನಿಸುವ ಪುಸ್ತಕವಾದರೆ ಅವನ ಜೊತೆಯಲ್ಲಿ ಕೂತು ಬೆರೋಯದವರ ಹಾಗೆ ವೇದವಾಕ್ಯಗಳನ್ನು ಶೋಧಿಸಿ ನೋಡಿರಿ. ಸತ್ಯವು ಪರೀಕ್ಷೆಗೆ ಅಂಜುವಂಥದ್ದಲ್ಲ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯೆಹೋಯಾಕೀಮನ ಬೆಂಕಿಗೂ ಎಫೆಸದವರ ಬೆಂಕಿಗೂ ಭೇದವೇನು?
2. ದಾನಿಯೇಲನು ಯಾವದನ್ನು ಬೇಡವೆಂದನು? ಯಾವದನ್ನು ಕಲಿತನು?
3. ನಮ್ಮ ಮಕ್ಕಳು ಈ ವಾರ ಏನು ಓದಿದರೆಂದು ನಮಗೆ ಗೊತ್ತುಂಟೋ?